ಗೇಟಿನ ಕೆಂಪು ದೀಪ

ಬಂದರಿನಲ್ಲಿ ಕ್ರೇನು ಹತ್ತುವ ಹೆಂಗಸರೆಲ್ಲ ಬೆಳಗ್ಗೆ ಗೇಟಿನಲ್ಲಿ ಕಿವಿಟೊಪ್ಪಿ ಹಾಕಿಕೊಳ್ಳಲೇಬೇಕು. ಅದರೊಳಗೆ ಟಿಕ್ ಟಿಕ್ ಸದ್ದು ಬರುತ್ತದೆ. ಸದ್ದಿಗೆ ಮಿದುಳು ಹೇಗೆ ಮಿಡಿಯಿತೆಂದು ಪರದೆಯ ಮೇಲೆ ಅಲೆ ಮೂಡುತ್ತದೆ. ಮುಟ್ಟು ಹತ್ತಿರವಾದರೆ ಅಲೆ ಕುಗ್ಗಿ ಕೆಂಪು ದೀಪ ಹತ್ತುತ್ತದೆ. ಆ ದಿನ ಕೆಳಗೇ ಕೆಲಸ. "ಇವತ್ತು ನನಗೆ ಕೆಂಪು ಮಾರಾಯ್ತಿ" ಎಂದು ಚಹಾ ಕುಡಿಯುತ್ತಾ ಹೇಳಿಕೊಳ್ಳುತ್ತಾರೆ, ಅಷ್ಟೆ.

ಲವೀನಾಗೆ ಮಾತ್ರ ಈಚೆಗೆ ಆ ಗೇಟೆಂದರೆ ಎದೆ ಡವಡವ. ಎರಡು ಬಸಿರು ಗೇಟಿಗೆ ಗೊತ್ತಾಗುವ ಮೊದಲೇ ಇಳಿದುಹೋಗಿದ್ದವು. ಈ ತಿಂಗಳು ಮುಟ್ಟಿನ ದಿನ ದಾಟಿದರೂ ದೀಪ ಹಸಿರೇ ಇತ್ತು. ಗಂಡನಿಗೂ ಹೇಳಿರಲಿಲ್ಲ. ಇವತ್ತು ಎದ್ದಾಗಿನಿಂದ ಕಿಬ್ಬೊಟ್ಟೆ ಹಿಂಡುತ್ತಿತ್ತು.

"ಹಾಕ್ಕೊಳ್ಳೇ, ಹಿಂದೆ ಸಾಲಿದೆ," ಎಂದಳು ಗೇಟು ಕಾಯುವ ಸುಮಿತ್ರಕ್ಕ.

ಲವೀನಾ ಕಣ್ಣು ಮುಚ್ಚಿ ಹಾಕಿಕೊಂಡಳು. ಸದ್ದು ನಿಂತ ಮೇಲೆ ಕಣ್ಣು ಬಿಟ್ಟರೆ ಕೆಂಪು. ಅವಳು ಟೊಪ್ಪಿ ಕಿತ್ತು ಕೈಯಲ್ಲಿ ಹಿಡಿದಳು.

"ಹೋಯ್ತಲ್ಲ ಅಕ್ಕಾ, ಇದೂ ಹೋಯ್ತು."

ಸುಮಿತ್ರಕ್ಕ ಅವಳ ರಟ್ಟೆ ಹಿಡಿದು ಪರದೆಯತ್ತ ತಿರುಗಿಸಿದಳು. "ಅಳಬೇಡ, ನೋಡಿಲ್ಲಿ. ಅಲೆ ಕುಗ್ಗಿಲ್ಲ, ಎದ್ದಿದೆ. ಇದು ಬಸಿರಿನ ಕೆಂಪು. ಹೆರಿಗೆ ಆಗುವವರೆಗೆ ನಿನ್ನನ್ನು ಮೇಲೆ ಹತ್ತಿಸೋದಿಲ್ಲ. ಆಫೀಸಲ್ಲಿ ಕೆಲಸ, ಇಲ್ಲಿಗೆ ಬರೋದೇ ಬೇಡ."

ಲವೀನಾ ನಗಲು ನೋಡಿದಳು, ಆಗಲಿಲ್ಲ. ಹೊಟ್ಟೆ ಇನ್ನೂ ಹಿಂಡುತ್ತಲೇ ಇತ್ತು. ಟೊಪ್ಪಿಯನ್ನು ಕೈಯಿಂದ ಬಿಡದೆ ನಿಂತಳು.

"ಅಕ್ಕಾ, ನಾಳೆಯೂ ಬಂದು ಒಂದು ಸಲ ಟೊಪ್ಪಿ ಹಾಕಿ ಅಲೆ ನೋಡಿಕೊಂಡು ಹೋಗಲಾ?"

ಸುಮಿತ್ರಕ್ಕ ಸಾಲಿನತ್ತ ನೋಡಿ ದನಿ ತಗ್ಗಿಸಿದಳು.

"ದಿನಾ ಬಾ. ಇವರೆಲ್ಲ ಬರುವ ಮುಂಚೆ ಬಾ."