ಹುಣಸೆ ಬೀಜದ ಅಕ್ಷರ

ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ವಾಸನೆ ಮೂಗಿಗೆ ಬಿದ್ದರೆ ಸಾಕು, ಈಗಲೂ ನನ್ನ ಬಲಗೈ ಬೆರಳುಗಳು ನಾಚಿಕೊಳ್ಳುತ್ತವೆ.

ಜಗಳೂರಿನ ನಮ್ಮ ಶಾಲೆಯಲ್ಲಿ ನಾವೆಲ್ಲ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದೆವು. ಕಣ್ಣು ಕಾಣದ ಹುಸೇನಬಿಗೆ ಮಾತ್ರ ಮೇಷ್ಟ್ರು ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸುತ್ತಿದ್ದರು. ಒಂದು ಮಧ್ಯಾಹ್ನ ಅವಳಪ್ಪ, ಹತ್ತಿ ಹಿಂಜುವ ದಸ್ತಗೀರಸಾಬರು, ಗಡ್ಡದ ತುಂಬ ಹತ್ತಿ ಮೆತ್ತಿಕೊಂಡು ಬಂದು ನಿಂತರು.

"ಕಣ್ಣಿಲ್ದ ಮಗಿಗೆ ಇಸ್ಕೂಲು ಯಾಕ್ರೀ ಮೇಷ್ಟ್ರೇ? ಮನೇಲೇ ಇರ್ಲಿ ಬಿಡ್ರಿ."

"ಒಂದ್ ಗಳಿಗೆ ತಡೀರಿ ಸಾಬ್ರೇ" ಎಂದ ಮೇಷ್ಟ್ರು ನೆಲದ ಮೇಲೆ ಹಸಿಮಣ್ಣು ತಟ್ಟಿ, ಹುಣಸೆ ಬೀಜ ಒತ್ತಿ ಒಂದು ಅಕ್ಷರ ಮಾಡಿದರು. "ಇದನ್ನ ಕಣ್ಮುಚ್ಚಿ ಓದಾಕೆ ಯಾರಿಗೆ ಬರ್ತೈತೆ?"

ಊರಿಗೊಬ್ಬನೇ ಪಂಡಿತನಂತೆ ನಾನು ಮುನ್ನುಗ್ಗಿದೆ. ಮೇಷ್ಟ್ರು ತಮ್ಮ ಹೆಗಲ ಮೇಲಿನ ವಲ್ಲಿ ತೆಗೆದು ನನ್ನ ಕಣ್ಣಿಗೆ ಕಟ್ಟಿದರು. ತಡಕಿದೆ.

"ಚಕ್ಕುಲಿ ರೀ!"

ಇನ್ನಷ್ಟು ತಡಕಿದಾಗ ಸಾಲಾಗಿ ಐದು ಗುಂಡನೆಯವು ಸಿಕ್ಕವು. "ಇಲ್ಲಿ ಬೀಜ ಭಾಳ ದಪ್ಪ ಅವೆ ರೀ!"

"ಅದು ನನ್ನ ಕಾಲ್ಬೆರಳು ಕಣೋ, ಕೋಣ!" ಎಂದರು ಮೇಷ್ಟ್ರು.

ನಕ್ಕ ಸದ್ದಿಗೆ ಹೆಂಚು ಹಾರಿ ಹೋಗಬೇಕಿತ್ತು. ಹುಸೇನಬಿಯೂ ನಗುತ್ತಲೇ ಮುಂದೆ ಸರಿದು ಕೈ ಇಟ್ಟಳು. ಅವಳ ಬೆರಳು ಇರುವೆಯ ಹಾಗೆ ಬೀಜದಿಂದ ಬೀಜಕ್ಕೆ ನಡೆಯಿತು.

"ಅಂಗೈ ಮೇಲೆ ಬರೀತಿದ್ರಲ್ಲ, ಅದೇ 'ಅ' ರೀ."

ಸಾಬರು ಬಗ್ಗಿ ಆ ಬೀಜಗಳನ್ನು ತಾವೂ ಒಮ್ಮೆ ಮುಟ್ಟಿದರು. ಮಗಳನ್ನು ಅಲ್ಲೇ ಬಿಟ್ಟು ಒಬ್ಬರೇ ಹೋದರು.

ಮರುದಿನ ಬೆಳಿಗ್ಗೆ ಮಗಳನ್ನು ಕೈಹಿಡಿದು ತಂದರು. ಹೆಗಲ ಮೇಲೆ ಹುಣಸೆ ಬೀಜದ ಚೀಲ.

"ಎಲ್ಲಾ ಅಕ್ಷರಕ್ಕೂ ಸಾಕಾಗ್ತೈತೇನ್ರೀ?" ಎಂದು ಕೇಳಿ, ನನ್ನ ಕಡೆ ನೋಡಿದರು. "ಉಳಿದ್ರೆ ಈ ಹುಡುಗಂಗೂ ಒಂದೆರಡು ಕಲಿಸ್ರಿ, ಪಾಪ."