ಸಿವಮ್ಮನ ಬಯಕೆ

ಕುಡಿದ ಗಂಜಿಯನ್ನೆಲ್ಲ ಹಿತ್ತಲಲ್ಲಿ ಕಕ್ಕಿ ಬಂದ ಸೊಸೆ, ಬಾಯಿ ತೊಳೆದುಕೊಂಡು ನೇರವಾಗಿ ಕೋಣೆಗೆ ಹೋದಳು. ಟ್ರಂಕಿನಿಂದ ಅಂಗೈಯಗಲದ ತಗಡಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಮೂಗಿಗೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ದೇವೀರಮ್ಮ ಒಳಗೆ ಬಂದು ಡಬ್ಬಿ ಈಸಿಕೊಂಡಳು. ಒಳಗೆ ಏನೂ ಇರಲಿಲ್ಲ. ತವರಿಂದ ತಂದು ಮುಗಿಸಿದ್ದ ಯಾವುದೋ ಮಸಾಲೆ ಪುಡಿಯ ವಾಸನೆ ಮಾತ್ರ ಇತ್ತು.

“ಇದನ್ನ ತಿನ್ನಂಗಾಯ್ತದಾ?”

ಸೊಸೆ ಹೂಂ ಎಂದು ತಲೆಯಾಡಿಸಿದಳು. ಕಣ್ಣು ತುಂಬಿ ಬಂತು.

ರಂಗೂನಿನ ಮರ ಕೊಯ್ಯುವ ಮಿಲ್ಲಿಗೆ ದುಡಿಯಲು ಹೋಗಿದ್ದ ಮಗ ಪುಟ್ಟಮಾದಯ್ಯ, ಅಲ್ಲಿ ಗಲಾಟೆ ಎದ್ದಾಗ ತನ್ನೂರು ಕಿರುಗಾವಲಿಗೆ ಮರಳಿದ್ದ. ಬರುವಾಗ ಚೀನಾ ಬಡಗಿಯೊಬ್ಬನ ಮಗಳನ್ನು ಕಟ್ಟಿಕೊಂಡೇ ಬಂದಿದ್ದ. ಅವಳ ಹೆಸರು ಸ್ಯೂಮೇ. ಕಿರುಗಾವಲಿನವರ ಬಾಯಲ್ಲಿ ಅದು ಸಿವಮ್ಮ ಆಯಿತು. ಊರು ಮನದಣಿಯೆ ಆಡಿಕೊಂಡಿತು. ದೇವೀರಮ್ಮ ಮಾತ್ರ, ಕರಕೊಂಡು ಬಂದದ್ದಾಯಿತಲ್ಲ ಎಂದು ಹೊಸಿಲ ಮೇಲೆ ಸೇರಕ್ಕಿ ಇಟ್ಟು ಸೊಸೆಯನ್ನು ಒಳಗೆ ಕರೆದುಕೊಂಡಿದ್ದಳು. ಮಗ ಈಗ ಮಂಡ್ಯದಲ್ಲಿ, ಹೊಸದಾಗಿ ಏಳುತ್ತಿದ್ದ ಸಕ್ಕರೆ ಕಾರ್ಖಾನೆಯ ಕೆಲಸದಲ್ಲಿದ್ದ. ಇಲ್ಲಿ ಬಸುರಿ ಹೆಂಡತಿಗೆ ತಿಂದದ್ದು ದಕ್ಕುತ್ತಿರಲಿಲ್ಲ. ಕೆನ್ನೆ ಒಳಕ್ಕೆ ಇಳಿದಿತ್ತು. ಬಯಕೆ ತೀರಿಸಬೇಕಾದ ತವರು ಕಡಲಾಚೆ ಉಳಿದಿತ್ತು.

“ಇಷ್ಟುಕ್ಕೆಲ್ಲ ಅಳ್ತಾರಾ? ಪುಡಿ ತಾನೆ? ನಾನ್ ಕುಟ್ಟಿಕೊಡ್ತೀನಿ ಬುಡು,” ಎಂದಳು ದೇವೀರಮ್ಮ. ಊರಲ್ಲಿ ಯಾರ ಮನೆಯ ಮದುವೆಗಾದರೂ ಮಸಾಲೆ ಹುರಿಯಲು ಅವಳೇ ಬೇಕು. ಬೀದಿಯಲ್ಲಿ ನಡೆದು ಹೋಗುತ್ತಲೇ ಯಾರ ಮನೆಯ ಸಾರಿಗೆ ಏನು ಕಮ್ಮಿಯಾಗಿದೆ ಎಂದು ಹೇಳಬಲ್ಲ ಮೂಗು ಅದು. ಡಬ್ಬಿಯನ್ನು ಮತ್ತೆ ಮೂಸಿದಳು. ಚಕ್ಕೆ, ಲವಂಗ, ಸೋಂಪು ಸುಲಭವಾಗಿ ಸಿಕ್ಕವು. ಇನ್ನೆರಡು ಗುರುತಿಗೆ ಬರಲಿಲ್ಲ. ಸೊಸೆ ಒಲೆಯ ಇದ್ದಿಲು ತಂದು ನೆಲದ ಮೇಲೆ ಎಂಟೆಸಳಿನ ಹೂವೊಂದನ್ನು ಬರೆದಳು. ಆಮೇಲೆ ನಾಲಗೆ ಮುಟ್ಟಿ ತೋರಿಸಿ ಬೆರಳುಗಳನ್ನು ನಡುಗಿಸಿದಳು.

ಮಾರನೆಯ ದಿನ ದೇವೀರಮ್ಮ ಸಂತೆಗೆ ಹೊರಟಿದ್ದ ಗಾಡಿ ಹತ್ತಿ ಮಳವಳ್ಳಿಯ ಗ್ರಂಧಿಗೆ ಅಂಗಡಿಗೆ ಹೋದಳು. ಅವಳು ವಿವರಿಸಿದ್ದನ್ನೆಲ್ಲ ಕೇಳಿ ಶೆಟ್ಟರು ತಲೆ ಕೆರೆದುಕೊಂಡರು.

“ಹೂವಿನಂಗಿರೋದು ಅನಾನಸ್ ಮೊಗ್ಗು ಕಣಮ್ಮ. ಬೆಂಗಳೂರಿಂದ ಬರಬೇಕು. ತಿಂಗಳಾದ್ರೂ ಆದೀತು.”

“ತಿಂಗ್ಳು ಕಾಯಕ್ಕೆ ಅವಳ ಒಟ್ಟೆ ಕೇಳ್ಬೇಕಲ್ಲ ಸೆಟ್ರೇ. ಸೋಂಪಲ್ಲೂ ಅದೇ ಗಮ ಅದೆ. ಸೋಂಪನ್ನೇ ಒಸಿ ಜಾಸ್ತಿ ಕೊಡಿ.”

“ನಾಲಗೆ ಜುಮ್ಮನ್ನೋದಕ್ಕೆ ಅಕ್ಕಲಕರೆ ಬೇರು ಹಾಕಬಹುದು. ಹಲ್ಲುನೋವಿಗೆ ಕೊಡ್ತೀವಿ ನೋಡಿ, ಅದು.”

“ಬಸುರಿಗಾ? ನಿಮ್ಮನೆ ಮಗಳಿಗಾದ್ರೆ ಕೊಡ್ತಿದ್ರಾ? ಎತ್ತಿಡಿ ಅತ್ಲಾಗೆ. ಮೆಣಸು ಕೊಡಿ, ಮಿಕ್ಕಿದ್ದು ನಾನ್ ನೋಡ್ಕೋತೀನಿ.”

ಮನೆಗೆ ಬಂದವಳೇ ಒಲೆ ಹಚ್ಚಿದಳು. ಕೈ ತನ್ನ ಪಾಡಿಗೆ ತಾನು ಓಡಿತು. ಎಲ್ಲವನ್ನೂ ಕೆಂಪಗೆ ಹುರಿದು, ಒಂದು ಹಿಡಿ ಕೊತ್ತಂಬರಿ ಬೀಜ, ನಾಲ್ಕು ಒಣಮೆಣಸಿನಕಾಯಿ ಸೇರಿಸಿ ಕುಟ್ಟಿ ಸೊಸೆಯ ಮೂಗಿಗೆ ಹಿಡಿದಳು. ಅರಳಿದ್ದ ಸೊಸೆಯ ಮುಖ ಹಾಗೆಯೇ ಇಳಿದುಹೋಯಿತು. ದೇವೀರಮ್ಮ ತಾನೂ ಮೂಸಿದಳು. ಅವಳೇ ದಿನವೂ ಮಾಡುವ ಸಾರಿನ ಪುಡಿ.

“ಸರಿ, ಇದು ನಮ್ದಾಯ್ತು,” ಎಂದು ಅದನ್ನು ಪಕ್ಕಕ್ಕೆ ಸರಿಸಿದಳು. “ಈಗ ನಿಮ್ದು ಮಾಡವ. ಬಾ ಇಲ್ಲಿ, ಕುಂತ್ಕೊ.”

ಈ ಸಲ ಸೊಸೆ ಒರಳಿನ ಪಕ್ಕದಲ್ಲೇ ಕೂತಳು. ಅತ್ತೆಯ ಕೈ ಕೊತ್ತಂಬರಿ ಬೀಜದ ಕಡೆಗೆ ಹೋದಾಗ ಮಣಿಕಟ್ಟು ಹಿಡಿದು “ಬ್ಯಾಡ” ಎಂದಳು. ಸೋಂಪು ಬೆಚ್ಚಗಾಗುತ್ತಲೇ ಬಾಂಡಲೆಯನ್ನು ಕೆಳಗಿಳಿಸಿಬಿಟ್ಟಳು. ಸೊಸೆಯೊಬ್ಬಳು ತನ್ನ ಒಲೆಯ ಮೇಲಿನದನ್ನು ಹಾಗೆ ಇಳಿಸಿದ್ದು ದೇವೀರಮ್ಮನಿಗೆ ಹೊಸದು. ಆದರೂ ಮೆಣಸಿನ ಪೊಟ್ಟಣವನ್ನು ಅವಳ ಮುಂದಕ್ಕೆ ಸರಿಸಿದಳು. ಮೆಣಸು ಬಿದ್ದಿತು. ಖಾರ ಬಂತು, ಆದರೆ ಏನೋ ಸಾಲದು. ದೇವೀರಮ್ಮ ಎದ್ದು ಹೋಗಿ, ಪಿತ್ತಕ್ಕೆಂದು ಒಣಗಿಸಿ ಇಟ್ಟಿದ್ದ ಹೇರಳೆಕಾಯಿಯ ಸಿಪ್ಪೆ ತಂದು ಕೊಟ್ಟಳು. ಸೊಸೆ ಮೂಸಿದಳು, ಮತ್ತೆ ಮೂಸಿದಳು, ಚೂರು ಮುರಿದು ತಾನೇ ಒರಳಿಗೆ ಹಾಕಿ ಒನಕೆಗೆ ಕೈ ಚಾಚಿದಳು.

ಆ ಪುಡಿ ಹಾಕಿದ ಕೋಳಿ ಬೇಯುವ ಹೊತ್ತಿಗೆ ನೆರೆಮನೆಯ ಅಂಕಮ್ಮ ವಾಸನೆ ಹಿಡಿದು ಬಂದಳು. ಸೊಸೆ ಮಡಕೆಗೆ ಬೆಲ್ಲ ಹಾಕುತ್ತಿರುವುದನ್ನು ಕಂಡು ಬಾಯಿ ಮೇಲೆ ಕೈಯಿಟ್ಟುಕೊಂಡಳು.

“ಕೋಳಿಗೆ ಬೆಲ್ಲವಾ! ಯಾರಾದ್ರೂ ತಿಂತಾರಾ ಇದ ದೇವೀರಕ್ಕ? ಇವಳು ಏಳಿದಂಗೆಲ್ಲ ಕುಣೀತಾ ಕುಂತಿದ್ದೀಯಲ್ಲ!”

“ಬಯಕೆ ನನ್ ಸೊಸೇದು, ಬೆಲ್ಲ ನಮ್ಮ ಆಲೆಮನೇದು. ನಿಂಗೇನಮ್ಮಿ ಕಷ್ಟ? ಬೇಕಾದ್ರೆ ನೀನೂ ಒಂದ್ ತುತ್ತು ತಿಂದೋಗು.”

ಅಂಕಮ್ಮ ತಿನ್ನಲಿಲ್ಲ, ಹೋಗಲೂ ಇಲ್ಲ. ಬಾಗಿಲಿಗೆ ಒರಗಿ ನಿಂತಳು. ಬಿಸಿ ಅನ್ನದ ಮೇಲೆ ಕಂದುಬಣ್ಣದ ರಸ ಸುರಿದು ಕೊಟ್ಟು ದೇವೀರಮ್ಮ ಎದುರಿಗೆ ಕೂತಳು. ಸೊಸೆ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದಳು, ನುಂಗಿದಳು. ಇಬ್ಬರು ಹೆಂಗಸರೂ ಅವಳ ಗಂಟಲನ್ನೇ ನೋಡುತ್ತಿದ್ದರು. ತುತ್ತು ಹೊಟ್ಟೆಯಲ್ಲಿ ನಿಂತಿತು. ಮತ್ತೊಂದು ಹೋಯಿತು. ನೋಡುತ್ತಿದ್ದಂತೆ ತಟ್ಟೆ ಬರಿದಾಯಿತು.

“ನಿಮ್ಮವ್ವ ಮಾಡ್ದಂಗೇ ಅದಾ?” ದೇವೀರಮ್ಮ ಬೀಗುತ್ತ ಕೇಳಿದಳು.

ಸೊಸೆ ಬೆರಳು ಚೀಪಿ, ಅತ್ತೆಯ ಮುಖ ನೋಡಿದಳು.

“ಇಲ್ಲ,” ಎಂದಳು. ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. “ಇನ್ನೊಸಿ ಆಕವ್ವ.”