ರಕ್ಕಸನ ಕೈಯಲ್ಲಿ ಚೌರಿ

ಅಂಗಡಿಯಲ್ಲಿ ತೂಗುಹಾಕಿದ ಚೌರಿ ಕಂಡರೆ ಈಗಲೂ ನನ್ನ ಮೂಗಿಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಬಣ್ಣದ ವಾಸನೆ ಬಡಿಯುತ್ತದೆ.

ಕೆಲಮಂಗಲದ ಹತ್ತಿರ ನಮ್ಮೂರು. ರಾಗಿ ಒಕ್ಕಣೆ ಮುಗಿದ ಮೇಲೆ ಕಣದಲ್ಲೇ ಪರದೆ ಕಟ್ಟಿ ನಾಟಕ ಆಡುತ್ತಿದ್ದರು. ಆ ಸಲ ಅಪ್ಪನಿಗೆ ರಕ್ಕಸನ ಪಾತ್ರ. ಬಣ್ಣ ಹಚ್ಚಿಕೊಂಡೇ ತಾಲೀಮು ನಡೆದ ಮಧ್ಯಾಹ್ನ, ಮುದ್ದೆ ಹೊತ್ತ ಅಮ್ಮನ ಹಿಂದೆ ನಾನೂ ಹೋದೆ.

ಕೆಂಪು ಮುಖ, ದಪ್ಪ ಕಪ್ಪು ಹುಬ್ಬು, ಗಿರಿಜಾ ಮೀಸೆ. "ಅಪ್ಪಾ" ಅಂತ ಓಡಿದೆ. ಅವನು ತಿರುಗಲೇ ಇಲ್ಲ.

ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ಗದರಿದರು: "ಬಣ್ಣ ಹಚ್ಚಿದ್ಮೇಲೆ ಅಪ್ಪ ಗಿಪ್ಪ ಅನ್ಬಾರ್ದು ಕಣಮ್ಮಿ. ಮಂಗಳ ಹಾಡೋಗಂಟ ಅವ್ನು ರಕ್ಕಸನೇಯ."

ನಾನು ಅಮ್ಮನ ಸೀರೆಯಲ್ಲಿ ಮುಖ ಮುಚ್ಚಿಕೊಂಡು ಒಂದೇ ಕಣ್ಣಲ್ಲಿ ನೋಡಿದೆ.

ರಾಣಿಯಾಗಿದ್ದವನು ನಮ್ಮ ಚಿಕ್ಕಪ್ಪ. ತನ್ನ ಕೂದಲಿಗೆ ಉದ್ದನೆಯ ಚೌರಿ ಸೇರಿಸಿ ಜಡೆ ಹೆಣೆದಿದ್ದ. ರಕ್ಕಸ ಬಂದವನೇ ಆ ಜಡೆಯನ್ನು ಕೈಗೆ ಸುತ್ತಿಕೊಂಡು ನೆಲಕ್ಕೆಳೆದ. ಚಿಕ್ಕಪ್ಪ ಕೂಗಿದ್ದು ನಾಟಕದ ಕೂಗಲ್ಲ. ಚೌರಿ ಕಿತ್ತುಬಂದು ಅಪ್ಪನ ಮುಷ್ಟಿಯಲ್ಲಿ ಉಳಿಯಿತು.

"ಭಲೇ!" ಅಂದರು ಮೇಷ್ಟ್ರು. "ಮಿಕ್ಕೋರ್ಗೆ ವಾರಗಟ್ಲೆ ಹೇಳ್ಕೊಡ್ಬೇಕು. ನಿಂಗೆ ಇದನ್ನ ಯಾರಯ್ಯ ಕಲಿಸಿದ್ರು?"

ಎಲ್ಲರೂ ನಕ್ಕರು. ಅಮ್ಮ ಮಾತ್ರ ಸೆರಗನ್ನು ತಲೆಯ ಮೇಲೆಳೆದು, ಜಡೆಯನ್ನು ಒಳಗೆ ಸೇರಿಸಿಕೊಂಡಳು.

ವಾಪಸು ಬರುವಾಗ ಕೇಳಿದೆ: "ಬಣ್ಣ ತೊಳ್ಕೊಂಡ್ರೆ ಅಪ್ಪ ಮನೇಗ್ ಬತ್ತಾನೇನಮ್ಮ?"

"ಬತ್ತಾನೆ," ಅಂದಳು ಅಮ್ಮ, ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದು.